ಒಣ ಮೋರಿಗೆ ಒಂದು ಚೊಂಬು ನೀರು

ಹೊಸದಾಗಿ ಈ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಈಗಲೂ ನನ್ನ ಹತ್ತಿರ ಬರುತ್ತಾರೆ. ಬೇಸಿಗೆಯಲ್ಲಿ ಆಫೀಸಿನ ಟಾಯ್ಲೆಟ್ಟು ನಾರದ ಹಾಗೆ ನೋಡಿಕೊಳ್ಳುವುದು ಹೇಗೆ ಎಂದು ಕೇಳುತ್ತಾರೆ. ಯಾವ ಸ್ಪ್ರೇ ಒಳ್ಳೆಯದು, ಯಾವುದರ ಪರಿಮಳ ಸಂಜೆಯವರೆಗೆ ನಿಲ್ಲುತ್ತದೆ ಎಂಬುದೇ ಅವರ ಮೊದಲ ಪ್ರಶ್ನೆ. ನನಗೆ ಸಿಟ್ಟು ಬರುವುದು ಅಲ್ಲೇ. ಗಬ್ಬು ನಾರುವ ಕಡೆ ಗುಲಾಬಿ ವಾಸನೆ ಹೊಡೆಯುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದಂತೆ. ಸ್ಪ್ರೇ ಮಾತು ಕೊನೆಗೆ ಆಡೋಣ, ಮೊದಲು ಕೂತುಕೊಳ್ಳಿ ಎನ್ನುತ್ತೇನೆ.

ಶಿವಾಜಿನಗರದಿಂದ ಇಂದಿರಾನಗರದವರೆಗೆ ಇಪ್ಪತ್ತು ವರ್ಷ ಬೇರೆಯವರ ಟಾಯ್ಲೆಟ್ಟು ತೊಳೆದವಳು ನಾನು. ನನಗೆ ಸಿಕ್ಕ ಬಡ್ತಿಗಳ ಕಥೆ ಹೇಳಿ ಯಾರಿಗೂ ಉಪಯೋಗವಿಲ್ಲ. ಆದರೆ ಒಂದು ಸಲ ಮೇಲಿನಿಂದ ಕೆಳಗಿಳಿದೆ. ಅದನ್ನು ಹೇಳದೆ ಬಿಟ್ಟರೆ ನಾನು ಹೇಳುವ ಉಳಿದ ಬುದ್ಧಿಮಾತೆಲ್ಲ ಸುಳ್ಳಾಗುತ್ತದೆ.

ಯಾದಗಿರಿ ಕಡೆಯಿಂದ ಬಂದು ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೆವು. ಗಂಡನಿಗೆ ಗಾರೆ ಕೆಲಸ, ಮಗಳು ಇನ್ನೂ ಮಡಿಲ ಕೂಸು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಅಂಗಡಿಯಲ್ಲಿ ಕೆಲಸ ಸಿಗಬಹುದೆಂದು ಶಿವಾಜಿನಗರಕ್ಕೆ ಹೋದೆ. ಸಿಕ್ಕಿದ್ದು ಮೂರು ಅಂತಸ್ತಿನ ಒಂದು ಅಂಗಡಿ ಕಟ್ಟಡದ ಟಾಯ್ಲೆಟ್ಟು. ಅಲ್ಲಿ ಮೊದಲಿನಿಂದ ಇದ್ದವಳು ಸೆಲ್ವಿ. ಹಲಸೂರಿನಲ್ಲೇ ಹುಟ್ಟಿ ಬೆಳೆದವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಅಂಗಡಿಯ ಸಾಹೇಬರ ಜೊತೆ ಅವರದೇ ಉರ್ದು. ನಾನು ಅವಳನ್ನು ಸೆಲ್ವಕ್ಕ ಎಂದೆ, ಅವಳು ಶರಣಮ್ಮ ಎಂಬ ನನ್ನ ಹೆಸರನ್ನು ಮೊದಲ ದಿನವೇ ಕತ್ತರಿಸಿ ಶರಣಿ ಮಾಡಿದಳು.

ಅವತ್ತು ಪೊರಕೆ ಹಿಡಿದು ಒಳಗೆ ನುಗ್ಗುತ್ತಿದ್ದ ನನ್ನನ್ನು ತೋಳು ಹಿಡಿದು ಬಾಗಿಲಲ್ಲೇ ನಿಲ್ಲಿಸಿದಳು.

"ಒಳಗೆ ಹೋಗ್ಬೇಡ ಮಾ. ಇಲ್ಲೇ ನಿಂತ್ಕೊಂಡು ಮೂಗಿಡು. ಏನ್ ಬರ್ತಾ ಇದೆ ಹೇಳು."

ಮೂಗು ನಿಜ ಹೇಳುವುದು ಮೊದಲ ಎರಡು ಉಸಿರಿಗೆ ಮಾತ್ರ. ಆಮೇಲೆ ಅದು ಜಾಗಕ್ಕೆ ಹೊಂದಿಕೊಂಡು ಬಿಡುತ್ತದೆ, ಎಂಥ ನಾತವಿದ್ದರೂ ಏನೂ ಇಲ್ಲ ಎನ್ನುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ತೊಳೆದವಳೇ ಪರೀಕ್ಷೆ ಮಾಡಬಾರದು, ಹೊರಗಿದ್ದ ಇನ್ನೊಬ್ಬಳನ್ನು ಕರೆದು ಬಾಗಿಲಲ್ಲಿ ನಿಲ್ಲಿಸಬೇಕು. ಸೆಲ್ವಕ್ಕ ಮೂರು ಅಂತಸ್ತಿಗೂ ಹೀಗೇ ಮಾಡುತ್ತಿದ್ದಳು. ಅವಳು ತೊಳೆದದ್ದಕ್ಕೆ ನನ್ನ ಮೂಗು, ನಾನು ತೊಳೆದದ್ದಕ್ಕೆ ಅವಳ ಮೂಗು.

ಇನ್ನೊಂದು ಅಭ್ಯಾಸವೂ ಅವಳಿಗಿತ್ತು. ಅವಳ ಹತ್ತಿರ ಕುತ್ತಿಗೆಗೆ ದಾರ ಕಟ್ಟಿದ, ತಗ್ಗುಬಿದ್ದ ಒಂದು ಸ್ಟೀಲ್ ಚೊಂಬು ಇತ್ತು. ಬೆಳಗಿನ ಕೆಲಸ ಮುಗಿದ ಮೇಲೆ ಆ ಚೊಂಬಿನಲ್ಲಿ ನೀರು ಹಿಡಿದು ನೆಲದಿಂದ ನೀರು ಇಳಿದುಹೋಗುವ ಒಂದೊಂದು ಮೋರಿಗೂ ಒಂದೊಂದು ಚೊಂಬು ಸುರಿಯುತ್ತಿದ್ದಳು, ಯಾರೂ ಬಳಸದೆ ಮೂಲೆಯಲ್ಲಿ ಬಿದ್ದಿರುವ ಮೋರಿಗೂ. ಯಾಕೆ ಎಂದು ಕೇಳಿದರೆ, ತನ್ನ ಅತ್ತೆ ರಿಚರ್ಡ್ಸ್ ಟೌನ್ ಬಂಗಲೆಗಳಲ್ಲಿ ಹೀಗೇ ಹಾಕುತ್ತಿದ್ದಳು, ಒಣಗಿದರೆ ಮೋರಿ ಬಾಯಿ ಬಿಡುತ್ತದೆ, ಅಷ್ಟೇ ಗೊತ್ತು ಎನ್ನುತ್ತಿದ್ದಳು. ತುಳಸಿಗೆ ನೀರು ಹಾಕಿದ ಹಾಗಾಯ್ತು ಬಿಡು ಎಂದು ನಾನು ನಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಓದಿದವಳಲ್ಲವೇ ನಾನು!

ಓದಿದವಳು ಮಾಡಿದ ಮೊದಲ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಒಂದು ಏಪ್ರಿಲ್‌ನಲ್ಲಿ ಹಳದಿಗಟ್ಟಿದ ಕಮೋಡು ಎಷ್ಟು ತಿಕ್ಕಿದರೂ ಬಿಳಿಯಾಗಲಿಲ್ಲ. ಆಸಿಡ್ ಹಾಕಿದ್ದೆ. ಸಾಲದು ಎನ್ನಿಸಿ ಅದರ ಮೇಲೆ ಬ್ಲೀಚಿಂಗ್ ಪೌಡರ್ ಸುರಿದೆ. ಎರಡು ಸೇರಿದರೆ ಎರಡರಷ್ಟು ಬಿಳಿ ಎಂಬ ಲೆಕ್ಕ. ಬುಸ್ಸೆಂದು ಹೊಗೆ ಎದ್ದಿತು, ಗಂಟಲಿಗೆ ಖಾರದ ಪುಡಿ ಹಾಕಿದಂತಾಯಿತು, ಕಣ್ಣು ಕಾಣಲಿಲ್ಲ, ಬಾಗಿಲು ಯಾವ ಕಡೆ ಎಂದು ತಿಳಿಯಲಿಲ್ಲ. ಸೆಲ್ವಕ್ಕ ಒದ್ದೆ ಸೆರಗು ಮೂಗಿಗೆ ಕಟ್ಟಿಕೊಂಡು ಒಳಗೆ ಬಂದು ನನ್ನ ಜಡೆ ಹಿಡಿದು ಹೊರಗೆಳೆದಳು. ಎರಡು ದಿನ ಉಸಿರಾಡಲು ಕಷ್ಟಪಟ್ಟೆ. ಹೊಸಬರೇ, ಆಸಿಡ್ ಇದ್ದ ಕಡೆ ಬ್ಲೀಚಿಂಗ್ ಪೌಡರ್ ತರಬೇಡಿ. ಒಂದನ್ನು ಬಳಸಿದ ದಿನ ಇನ್ನೊಂದರ ಡಬ್ಬಿಯನ್ನು ಮುಟ್ಟಲೇಬೇಡಿ. ಜಡೆ ಹಿಡಿದು ಎಳೆಯುವವರು ಎಲ್ಲರಿಗೂ ಸಿಗುವುದಿಲ್ಲ.

ಆಮೇಲೆ ಕಾಲ ಬದಲಾಯಿತು. ಆಸಿಡ್ ಹೋಗಿ ಬಣ್ಣದ ಲಿಕ್ವಿಡ್‌ಗಳು ಬಂದವು. ಕುಕ್ಕರಗಾಲಲ್ಲಿ ಕೂತು ಗೋಣಿತಾಟಿನಿಂದ ನೆಲ ಒರೆಸುತ್ತಿದ್ದವರ ಕೈಗೆ ಉದ್ದ ಕೋಲಿನ ಮಾಪ್ ಬಂತು. ನುಸಿ ಗುಳಿಗೆಯ ಜಾಗದಲ್ಲಿ ಗೋಡೆಗೆ ಅಂಟಿಸುವ ಪರಿಮಳದ ಡಬ್ಬಿ, ಬಾಗಿಲ ಹಿಂದೆ ಗಂಟೆಗೊಮ್ಮೆ ಸಹಿ ಹಾಕುವ ಚಾರ್ಟು. ಆ ಚಾರ್ಟಿನಿಂದ ನನಗೆ ಲಾಭವಾಯಿತು. ಸಹಿ ಹಾಕಲು, ಓದಲು ಬರುತ್ತದೆಂದು ಇಂದಿರಾನಗರದ ನೂರಡಿ ರಸ್ತೆಯ ಕಟ್ಟಡವೊಂದರಲ್ಲಿ ನನ್ನನ್ನು ಸೂಪರ್‌ವೈಸರ್ ಮಾಡಿದರು. ನಾನು ಸೆಲ್ವಕ್ಕನನ್ನೂ ಅಲ್ಲಿಗೆ ಕರೆಸಿಕೊಂಡೆ. ನನ್ನ ಕೈಕೆಳಗೆ ಆರು ಹೆಂಗಸರು, ಅದರಲ್ಲಿ ನನಗೆ ಕೆಲಸ ಕಲಿಸಿದವಳೂ ಒಬ್ಬಳು.

ಆ ಕಟ್ಟಡ ಮೊದಲು ವಾಸದ ಬಂಗಲೆ. ಕೆಳಗೆ ಹೋಟೆಲು, ನಡುವೆ ಎರಡು ಸಣ್ಣ ಆಫೀಸು, ಮೇಲಿನ ಮಹಡಿ ಪೂರ್ತಿ ಒಂದು ಜಾಹೀರಾತು ಕಂಪನಿ. ಮೇಲಿನ ಟಾಯ್ಲೆಟ್ಟಿನ ಪಕ್ಕದಲ್ಲಿ ಹಳೇ ಬಂಗಲೆಯ ಒಂದು ಸ್ನಾನದ ಮನೆ ಹಾಗೇ ಉಳಿದಿತ್ತು. ಯಾರೂ ಬಳಸುತ್ತಿರಲಿಲ್ಲ, ಕಂಪನಿಯವರು ಅಲ್ಲಿ ಹಳೇ ಪೋಸ್ಟರ್ ಕಟ್ಟುಗಳನ್ನು ತುಂಬಿದ್ದರು. ಕಟ್ಟಡದ ಮಾಲೀಕರು ಮುನಿರಾಜಪ್ಪ. ಹತ್ತಿರದ ಹಳೇ ಹಳ್ಳಿಯವರು, ಅವರ ತಾತನ ಕಾಲದಲ್ಲಿ ಸುತ್ತ ತರಕಾರಿ ತೋಟವಂತೆ. ಮೆಟ್ಟಿಲ ಕೆಳಗೆ ಕುರ್ಚಿ ಹಾಕಿಕೊಂಡು ತಾವೇ ಕಟ್ಟಡ ನೋಡಿಕೊಳ್ಳುತ್ತಿದ್ದರು. ಕೆಟ್ಟ ಮನುಷ್ಯರೆಂದು ಹೇಳಲಾರೆ, ಆದರೆ ನೀರಿನ ವಿಷಯ ಬಂದರೆ ಅವರಿಗೆ ತಲೆ ಕೆಡುತ್ತಿತ್ತು. ಅಜ್ಜ ಏತ ಹಾಕಿ ನೀರೆತ್ತಿದ ಜಾಗದಲ್ಲಿ ಮೊಮ್ಮಗ ಟ್ಯಾಂಕರಿಗೆ ಫೋನು ಹಿಡಿದು ಗೋಗರೆಯಬೇಕಿತ್ತು.

ಇಸವಿ ಎರಡು ಸಾವಿರ ದಾಟಿದ ಮೇಲಿನ ಒಂದು ಬೇಸಿಗೆ. ಯುಗಾದಿ ಆಗಿ ವಾರದೊಳಗೆ ಬೋರ್‌ವೆಲ್ ಕೈಕೊಟ್ಟಿತು. ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುನಿರಾಜಪ್ಪನವರು ನನ್ನನ್ನು ಕರೆದು, ನೆಲ ಒರೆಸಲು ಮಹಡಿಗೆ ನಾಲ್ಕು ಬಕೆಟ್ ಮೇಲೆ ಒಂದು ಹನಿ ಹೆಚ್ಚಾಗಬಾರದು ಎಂದರು. ನಾನು ನಾಲ್ಕರ ಬದಲು ಮೂರರಲ್ಲೇ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಲು ಹೊರಟೆ. ಎಲ್ಲೆಲ್ಲಿ ನೀರು ಪೋಲಾಗುತ್ತಿದೆ ಎಂದು ಹುಡುಕಿಕೊಂಡು ಮೇಲಿನ ಮಹಡಿಗೆ ಬಂದಾಗ ಸೆಲ್ವಕ್ಕ ಆ ಹಳೇ ಸ್ನಾನದ ಮನೆಯಲ್ಲಿ, ಪೋಸ್ಟರ್ ಕಟ್ಟುಗಳ ಸಂದಿಯಲ್ಲಿ ಕೈ ತೂರಿಸಿ, ಮೋರಿಗೆ ಚೊಂಬು ನೀರು ಸುರಿಯುತ್ತಿದ್ದಳು.

ಯಾರೂ ಕಾಲಿಡದ ಕಡೆ ಯಾವ ಶಾಸ್ತ್ರಕ್ಕೆ ಈ ನೀರು ಎಂದು ಎಲ್ಲರ ಮುಂದೆ ಗದರಿದೆ. ಸೂಪರ್‌ವೈಸರ್ ಗದರಬೇಕಲ್ಲ. ಒಣಗಿದರೆ ಬಾಯಿ ಬಿಡುತ್ತೆ ಎಂದು ಅವಳು ತನ್ನ ಹಳೇ ಮಾತನ್ನೇ ಹೇಳಿದಳು. ಇನ್ನು ಮೇಲೆ ಚೊಂಬು ಮುಟ್ಟಿದರೆ ಚಾರ್ಟಿನಲ್ಲಿ ಬರೆಯುತ್ತೇನೆ ಎಂದೆ. ಅವಳು ಚೊಂಬನ್ನು ಮೊಳೆಗೆ ನೇತುಹಾಕಿ ಮಾಪ್ ಎತ್ತಿಕೊಂಡಳು.

ಇಪ್ಪತ್ತು ದಿನ ಕಳೆದಿರಬೇಕು. ಮೇಲಿನ ಮಹಡಿ ನಾರಲು ಶುರುವಾಯಿತು. ಸಾಮಾನ್ಯ ನಾತವಲ್ಲ, ಕೊಳೆತ ಮೊಟ್ಟೆಯಂಥ ನಾತ. ವಿಚಿತ್ರವೆಂದರೆ ಬೆಳಿಗ್ಗೆ ಏಳು ಗಂಟೆಗೆ ಸೆಲ್ವಕ್ಕ ತೊಳೆದ ಮೇಲೆ ನಾನೇ ಬಾಗಿಲಲ್ಲಿ ನಿಂತು ಮೂಗಿಟ್ಟರೆ ಏನೂ ಬರುತ್ತಿರಲಿಲ್ಲ. ಹತ್ತು ಗಂಟೆಗೆ ಆಫೀಸು ಶುರುವಾಗಿ ಜನ ಬಂದರೆ, ಹನ್ನೊಂದರ ಹೊತ್ತಿಗೆ ನಿಲ್ಲಲಾಗದಷ್ಟು. ಫಿನೈಲ್ ಎರಡರಷ್ಟು ಹಾಕಿದೆವು. ನುಸಿ ಗುಳಿಗೆ ಮತ್ತೆ ತಂದೆವು. ನಾನು ಊದುಬತ್ತಿ ಹಚ್ಚಿದೆ, ಅದು ನಾತದ ಜೊತೆ ಸೇರಿ ಇನ್ನೂ ಕೆಟ್ಟದ್ದೊಂದು ಹುಟ್ಟಿತು. ಆಫೀಸು ನಡೆಯುವಷ್ಟು ಹೊತ್ತು ಎಕ್ಸಾಸ್ಟ್ ಫ್ಯಾನನ್ನು ಒಂದು ನಿಮಿಷವೂ ಆರಿಸಬೇಡಿ ಎಂದೆ. ಫ್ಯಾನು ತಿರುಗಿದಷ್ಟೂ ನಾತ ಹೆಚ್ಚಾಯಿತು.

ಸೋಮವಾರ ಕಂಪನಿಯ ಅಡ್ಮಿನ್ ಮೇಡಂ ಕೆಳಗಿಳಿದು ಬಂದು, ಶನಿವಾರದೊಳಗೆ ಸರಿಹೋಗದಿದ್ದರೆ ಜಾಗ ಖಾಲಿ ಮಾಡುತ್ತೇವೆ ಎಂದರು. ಮುನಿರಾಜಪ್ಪನವರು ನನ್ನನ್ನು ಕರೆದು, ಹಾಗಾದರೆ ಅದಕ್ಕೂ ಮೊದಲು ನಿಮ್ಮನ್ನೆಲ್ಲ ಖಾಲಿ ಮಾಡಿಸಿ ಏಜೆನ್ಸಿಗೆ ವಹಿಸುತ್ತೇನೆ ಎಂದರು. ನಾನೂ ಸೇರಿ ಏಳು ಜನರ ಕೆಲಸ. ಮಗಳು ಹೈಸ್ಕೂಲಿನಲ್ಲಿದ್ದಳು, ಗಂಡನ ಬೆನ್ನು ಹಿಡಿದುಕೊಂಡು ಆ ವರ್ಷ ಗಾರೆ ಕೆಲಸವೂ ನಿಂತಿತ್ತು.

ಮಂಗಳವಾರ ಹನ್ನೊಂದಕ್ಕೆ ಮಾಲೀಕರೇ ಮೇಲೆ ಹತ್ತಿದರು. ಟಾಯ್ಲೆಟ್ಟಿನ ಬಾಗಿಲಲ್ಲಿ ಕರ್ಚೀಫು ಮೂಗಿಗೆ ಒತ್ತಿ ನಿಂತರು. ಪಕ್ಕದಲ್ಲಿ ಅಡ್ಮಿನ್ ಮೇಡಂ, ಕಂಪನಿಯ ನಾಲ್ಕೈದು ಜನ, ನಾನು. ಸೆಲ್ವಕ್ಕ ಮಾಪ್ ಹಿಡಿದು ಎದುರಿಗೆ ನಿಂತು, ಬೆಳಿಗ್ಗೆ ಏನೂ ಇರಲಿಲ್ಲ ಸಾರ್, ಬೇಕಾದರೆ ಶರಣಿಯನ್ನು ಕೇಳಿ ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ಬೆಳಿಗ್ಗೆ ನಾನೇ ಮೂಗಿಟ್ಟಿದ್ದೆ, ಏನೂ ಇರಲಿಲ್ಲ ಎಂದು ನಾನು ಹೇಳಬೇಕಿತ್ತು. ಅಷ್ಟು ಹೇಳಿದ್ದರೆ ಬೈಗುಳ ನನ್ನ ಕಡೆ ತಿರುಗುತ್ತಿತ್ತು. ನಾನು ನೆಲ ನೋಡಿದೆ.

"ನಾರ್ತಾ ಇರೋದು ಟಾಯ್ಲೆಟ್ಟಲ್ಲ ಮೇಡಂ," ಎಂದರು ಮುನಿರಾಜಪ್ಪ. "ಇವಳೇ ನಾರ್ತಾಳೆ. ಇವಳು ಮುಟ್ಟಿದ್ದೆಲ್ಲ ನಾರುತ್ತೆ. ಇವತ್ತೇ ಕಳಿಸ್ತೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಕೆಳಗೆ ಬಂದು, ಕೆಲಸದಲ್ಲಿ ಅಲಕ್ಷ್ಯ ಎಂದು ಚಾರ್ಟಿನ ಹಾಳೆಯ ಮೇಲೆ ಬರೆದು, ಸೂಪರ್‌ವೈಸರ್ ಸಹಿ ಹಾಕಿ ಎಂದರು. ಒಬ್ಬಳು ಹೋದರೆ ಆರು ಜನ ಉಳಿಯುತ್ತೇವೆ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ. ಸೆಲ್ವಕ್ಕ ಅತ್ತು ಕರೆದು ಮಾಡಲಿಲ್ಲ. ಹೋಗುವಾಗ ತನ್ನ ಬಲಗೈಯನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸಿ ನೋಡಿಕೊಂಡಳು. ಅದು ಈಗಲೂ ನನ್ನ ಕಣ್ಣ ಮುಂದಿದೆ.

ಅವಳು ಹೋದಳು, ನಾತ ಹೋಗಲಿಲ್ಲ. ಬುಧವಾರ ನಾನೇ ತೊಳೆದೆ, ಗುರುವಾರ ನಾನೇ ತೊಳೆದೆ, ಹನ್ನೊಂದಕ್ಕೆ ಅದೇ ನಾತ. ಶನಿವಾರಕ್ಕೆ ಉಳಿದದ್ದು ಒಂದೇ ದಿನ. ಶುಕ್ರವಾರ ಆರು ಗಂಟೆಗೇ ಬಂದೆ. ಬೆಳಗಿಗೂ ಹನ್ನೊಂದಕ್ಕೂ ಏನು ವ್ಯತ್ಯಾಸ ಎಂದು ಯೋಚಿಸುತ್ತ ಬಾಗಿಲಲ್ಲಿ ನಿಂತೆ. ಜನ ಇಲ್ಲ, ಲೈಟಿಲ್ಲ, ಫ್ಯಾನಿಲ್ಲ. ಹೋಗಿ ಫ್ಯಾನಿನ ಸ್ವಿಚ್ ಹಾಕಿ ಕೆಳಗಿಳಿದು ರಸ್ತೆಯಲ್ಲಿ ನಾಲ್ಕು ಹೆಜ್ಜೆ ಓಡಾಡಿ, ಮೂಗು ಹೊಸದು ಮಾಡಿಕೊಂಡು ಮೇಲೆ ಬಂದೆ. ಒಂದೇ ಉಸಿರಿಗೆ ಸಿಕ್ಕಿತು. ನಾತ ಟಾಯ್ಲೆಟ್ಟಿನದಲ್ಲ. ಪಕ್ಕದ ಹಳೇ ಸ್ನಾನದ ಮನೆಯ ಬಾಗಿಲ ಸಂದಿಯಿಂದ ಬರುತ್ತಿತ್ತು. ಫ್ಯಾನು ಅದನ್ನು ಎಳೆದು ತರುತ್ತಿತ್ತು.

ಪೋಸ್ಟರ್ ಕಟ್ಟುಗಳನ್ನು ಎಳೆದು ಹಾಕಿ, ನೆಲಕ್ಕೆ ಬೋರಲು ಮಲಗಿ ಮೋರಿಯ ಜಾಲರಿಗೆ ಮುಖವಿಟ್ಟೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಜಾಲರಿ ತೆಗೆದರೆ ಒಳಗೆ ಒಂದು ತೊಟ್ಟು ನೀರಿಲ್ಲ, ಒಣಗಿ ಬಿರುಕು ಬಿಟ್ಟ ಕೆಸರು, ಒಂದು ಜಿರಳೆ. ಮೋರಿಯ ಕೆಳಗೆ ಬಟ್ಟಲಿನಂಥ ಒಂದು ಬಾಗು ಇರುತ್ತದೆ, ಅದರಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವುದು ಆ ನೀರೇ. ಬಳಸುವ ಮೋರಿಗೆ ನೀರು ತಾನಾಗಿ ಬೀಳುತ್ತದೆ. ಬಳಸದ ಮೋರಿ ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೆ ಒಣಗಿ, ಊರ ಚರಂಡಿಯೆಲ್ಲ ಆ ತೂತಿನಲ್ಲಿ ಉಸಿರಾಡುತ್ತದೆ. ಪ್ಲಂಬರುಗಳಿಗೆ ಇದು ಗೊತ್ತಿರುತ್ತದೆ. ಸೆಲ್ವಕ್ಕನ ಅತ್ತೆಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವಳ ಕೈಯಿಂದ ಚೊಂಬು ಬಿಡಿಸಿದವಳು ನಾನು.

ಅರ್ಧ ಬಕೆಟ್ ನೀರು ಸುರಿದೆ. ಹನ್ನೊಂದು ಗಂಟೆಗೆ ಅಡ್ಮಿನ್ ಮೇಡಂ ಬಾಗಿಲಲ್ಲಿ ನಿಂತು ಉಸಿರೆಳೆದು, ಗುಡ್ ಎಂದು ಹೋದರು. ಮುನಿರಾಜಪ್ಪನವರು ನನ್ನ ಬೆನ್ನು ತಟ್ಟುವುದೊಂದು ಬಾಕಿ. ನೋಡಿದಿರಾ, ಅವಳನ್ನು ಕಳಿಸಿದ್ದೇ ನಾತವೂ ಹೋಯಿತು ಎಂದರು. ನಾನು ಹೌದು ಸಾರ್ ಎಂದೆ.

ಆ ಎರಡು ಮಾತಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಆರು ದಿನ ನಾನು ಬಾಯಿ ಬಿಡಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಮೆಟ್ಟಿಲು ಹತ್ತುವುದು, ಮಾಲೀಕರ ಕುರ್ಚಿ ಕಂಡ ಕೂಡಲೇ ಮಗಳ ಮುಖ ನೆನಪಾಗುವುದು. ಹೇಳಿದರೆ ಕೆಲಸ ಹೋಗುವುದು ನಿಶ್ಚಯವಾಗಿತ್ತು. ಗುರುವಾರ ಸಂಜೆ ತಡೆಯಲಾರದೆ ಹಲಸೂರಿನಲ್ಲಿ ಬಸ್ಸಿಳಿದೆ.

ಸೆಲ್ವಕ್ಕನ ಮನೆ ಕೆರೆಯ ಹತ್ತಿರದ ಒಂದು ಓಣಿಯಲ್ಲಿ. ಬಾಗಿಲಲ್ಲಿ ಅವಳ ಸೊಸೆ ಸಿಕ್ಕಿ, ಅತ್ತೆ ಆ ದಿನದಿಂದ ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಾಳೆ, ನಲ್ಲಿಯಲ್ಲಿ ನೀರಿಲ್ಲ ಎಂದರೂ ಕೇಳುವುದಿಲ್ಲ, ನಾನು ನಾರುತ್ತೇನಾ ಎಂದು ಎಲ್ಲರ ಮುಂದೆ ಕೈ ಚಾಚುತ್ತಾಳೆ ಎಂದಳು. ತನ್ನ ಮೂಗನ್ನು ದೇವರಷ್ಟು ನಂಬಿದ್ದ ಹೆಂಗಸು ಅವಳು.

ಸೆಲ್ವಕ್ಕ ಮೊರ ಮುಂದಿಟ್ಟುಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಕೂತುಕೋ ಎನ್ನಲಿಲ್ಲ. ನನಗೆ ಬೆಂಗಳೂರು ಮಾತು ಮರೆತು ಊರ ಮಾತೇ ಬಾಯಿಗೆ ಬಂತು.

"ತಪ್ಪು ನಂದೇ ಅದ ಅಕ್ಕ," ಎಂದು ಮೋರಿ, ಫ್ಯಾನು, ಅರ್ಧ ಬಕೆಟ್ ನೀರು ಎಲ್ಲ ಹೇಳಿದೆ.

ಅವಳು ಕೈಲಿದ್ದ ಕಟ್ಟು ಸೊಪ್ಪು ಬಿಡಿಸಿ ಮುಗಿಸಿದಳು. "ಯಾವಾಗ ಗೊತ್ತಾಯ್ತು?"

"ಶುಕ್ರವಾರ."

"ಇವತ್ತು ಗುರುವಾರ."

ಬೇರೆ ಕಡೆ ಕೆಲಸ ಹುಡುಕಿಕೊಡುತ್ತೇನೆ ಎಂದೆ. ಅವಳು ಮೊದಲ ಸಲ ತಲೆಯೆತ್ತಿದಳು.

"ಕೆಲಸ ನಂಗೆ ಎಲ್ಲಾದ್ರೂ ಸಿಗುತ್ತೆ ಶರಣಿ. ಅವ್ರು ಹಂಗೆ ಅಂದಾಗ ನೀನು ಪಕ್ಕದಲ್ಲೇ ನಿಂತಿದ್ದೆ. ಯಾರ್ ಮುಂದೆ ಅಂದ್ರೋ ಅವ್ರ್ ಮುಂದೇನೇ ಹೋಗಿ ಹೇಳು. ಆಮೇಲೆ ಬಂದು ಕೂತ್ಕೋ."

ಮರುದಿನ ಹನ್ನೊಂದಕ್ಕೆ ಮಾಲೀಕರನ್ನು ಮೇಲಿನ ಮಹಡಿಗೆ ಕರೆದೆ. ಅಡ್ಮಿನ್ ಮೇಡಮ್ಮನ್ನೂ, ಅವತ್ತು ನಿಂತಿದ್ದವರನ್ನೂ ಕರೆದೆ. ಹಳೇ ಸ್ನಾನದ ಮನೆಯ ಬಾಗಿಲು ತೆರೆದೆ. ಮೋರಿಯ ಜಾಲರಿ ಎತ್ತಿ ತೋರಿಸಿದೆ. ದಿನಾ ಇದಕ್ಕೆ ಒಂದು ಚೊಂಬು ನೀರು ಹಾಕುತ್ತಿದ್ದವಳು ಸೆಲ್ವಿ, ಬೇಡ ಎಂದು ಗದರಿದವಳು ನಾನು, ಮಂಗಳವಾರ ಬೆಳಿಗ್ಗೆ ನಾತ ಇರಲಿಲ್ಲ ಎಂದು ಗೊತ್ತಿದ್ದೂ ಸುಮ್ಮನಿದ್ದವಳು ನಾನು, ನಾತ ಹೋಗಿದ್ದು ಅವಳು ಹೋದದ್ದರಿಂದಲ್ಲ, ಈ ಮೋರಿಗೆ ಮತ್ತೆ ನೀರು ಬಿದ್ದದ್ದರಿಂದ ಎಂದೆ. ಕಂಪನಿಯವರು ಒಬ್ಬೊಬ್ಬರಾಗಿ ಮುಖ ತಪ್ಪಿಸಿ ಹೊರಟರು. ಮುನಿರಾಜಪ್ಪನವರು ಮೋರಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಆ ತೂತಿನೊಳಗೆ ಬಗ್ಗಿ ನೋಡಿದರು.

"ಒಂದು ಚೊಂಬು ನೀರಾ?" ಎಂದರು.

ಒಂದು ಚೊಂಬು ಸಾರ್ ಎಂದೆ. ಏಳುವಾಗ ಮಂಡಿಗೆ ಕೈ ಕೊಟ್ಟುಕೊಂಡು, ಅವರನ್ನು ನಾಳೆಯಿಂದ ಬರಹೇಳಿ, ನೀವು ಇನ್ನು ಮೇಲೆ ಸೂಪರ್‌ವೈಸರ್ ಅಲ್ಲ, ಮಾಪ್ ಹಿಡಿಯುವುದಾದರೆ ಇರಿ ಎಂದರು. ಸೆಲ್ವಕ್ಕನನ್ನು ಅವಳು ಎನ್ನುತ್ತಿದ್ದ ಮಾಲೀಕರು ಈಗ ಅವರು ಎಂದದ್ದನ್ನು ನಾನು ಮೆಟ್ಟಿಲಿಳಿಯುವಾಗ ಗಮನಿಸಿದೆ. ಕೊರಳಲ್ಲಿದ್ದ ಬ್ಯಾಡ್ಜು ತೆಗೆದು ಅವರ ಮೇಜಿನ ಮೇಲಿಟ್ಟೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಸೆಲ್ವಕ್ಕ ಬಂದಳು. ಮೇಲಿನ ಮಹಡಿ ಗುಡಿಸಿದಳು, ಒರೆಸಿದಳು. ಮುಗಿದ ಮೇಲೆ ಮೊಳೆಯಿಂದ ತನ್ನ ಚೊಂಬು ತೆಗೆದು, ನೀರಿನ ಬಕೆಟ್ ಎಳೆದುಕೊಂಡು ಹಳೇ ಸ್ನಾನದ ಮನೆಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ನನ್ನ ಕೈಗೆ ಚೊಂಬು ಕೊಟ್ಟಳು.

"ಹಾಕು."

ಒಂದು ಚೊಂಬು ಹಾಕಿದೆ.

"ಇನ್ನೂ ಹಾಕು. ನಾನು ಇಲ್ದೇ ಇದ್ದಿದ್ದು ಹತ್ತು ದಿನ. ಹತ್ತು ಹಾಕು."

ಮೋರಿಗೆ ಒಂದೇ ಸಾಕು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಗ್ಗಿ ಬಗ್ಗಿ ಹಾಕಿದೆ. ಮೂರು, ನಾಲ್ಕು, ಐದು. ಅವಳು ಗೋಡೆಗೊರಗಿ ಒಂದೊಂದನ್ನೂ ಎಣಿಸುತ್ತಿದ್ದಳು. ಆರನೆಯದರ ಹೊತ್ತಿಗೆ ನನಗೆ ಕಣ್ಣು ಮಂಜಾಗಿ ಮೋರಿ ಎಲ್ಲಿದೆ ಎಂದು ಕಾಣಲಿಲ್ಲ, ನೀರು ಕಾಲ ಮೇಲೆ ಚೆಲ್ಲಿತು. ಏಳನೆಯದಕ್ಕೆ ಚೊಂಬು ಅದ್ದಿ ಮೇಲೆತ್ತಿದೆ. ಅವಳು ಬಂದು ನನ್ನ ಮಣಿಕಟ್ಟು ಹಿಡಿದು ತಡೆದಳು. ಚೊಂಬು ಕಿತ್ತುಕೊಂಡು ಆ ನೀರನ್ನು ಒಂದು ಹನಿಯೂ ಚೆಲ್ಲದಂತೆ ಬಕೆಟ್ಟಿಗೇ ವಾಪಸ್ಸು ಸುರಿದಳು.

"ಸಾಕು ಬಿಡು," ಎಂದಳು. "ಇವತ್ತು ಟ್ಯಾಂಕರ್ ಬರಲ್ವಂತೆ."